ಹಳೇಬೀಡಿಗೆ ಬರೋರು ಶೂ ತನ್ನಿ, ಕೆರೆ ಏರಿಗೆ ಟೈಲ್ಸ್ ತರಬೇಡಿ

ಹಳೇಬೀಡಿಗೆ ಬರೋ ಟೂರಿಸ್ಟ್ ಬಸ್ಸುಗಳು ಹೆಚ್ಚು ಅಂದ್ರೆ ಒಂದು ಗಂಟೆ ಟೈಮ್ ಕೊಡ್ತಾವೆ. ಜನ ಇಳೀತಾರೆ, ಹೊಯ್ಸಳೇಶ್ವರ ದೇವಸ್ಥಾನಕ್ಕೆ ಒಂದು ಸುತ್ತು ಹಾಕ್ತಾರೆ, ನಂದಿ ಮುಂದೆ ಫೋಟೋ, ಒಂದು ಎಳನೀರು, ಮತ್ತೆ ಬಸ್ ಹತ್ತಿ ಬೇಲೂರು. ಪಕ್ಕದಲ್ಲೇ ಇರೋ ದ್ವಾರಸಮುದ್ರ ಕೆರೆ ಕಡೆ ತಿರುಗಿ ನೋಡೋರು ಕಮ್ಮಿ. ನನಗೆ ಇದು ನಿಜಕ್ಕೂ ಸಂಕಟದ ವಿಷ್ಯ. ಹಳೇಬೀಡು ಒಂದು ದೇವಸ್ಥಾನ ಅಲ್ಲ ಕಣ್ರೀ, ದೋರಸಮುದ್ರ ಅನ್ನೋ ಹೊಯ್ಸಳರ ರಾಜಧಾನಿ, ಬೇಲೂರಿನಷ್ಟೇ ದೊಡ್ಡ ಹೆಸರಿದ್ದ ಊರು, ಆ ಊರು ಎಷ್ಟು ಅಗಲಕ್ಕೆ ಹರಡ್ಕೊಂಡಿತ್ತು ಅನ್ನೋದು ಬಸ್ಸಲ್ಲಿ ಕೂತೋರಿಗೆ ಗೊತ್ತಾಗಲ್ಲ, ಕಾಲಿಗೆ ಮಾತ್ರ ಗೊತ್ತಾಗುತ್ತೆ.

ಅದಕ್ಕೇ ನಾನು ಓಡೋ ಫ್ರೆಂಡ್ಸ್‌ಗೆಲ್ಲ ಹೇಳೋದು, ಒಂದು ರಾತ್ರಿ ಹಾಸನದಲ್ಲೋ ಬೇಲೂರಲ್ಲೋ ಉಳ್ಕೊಳ್ಳಿ, ಬೆಳಕು ಹರಿಯೋ ಹೊತ್ತಿಗೆ ಹಳೇಬೀಡಲ್ಲಿರಿ, ಊರನ್ನ ಓಡ್ಕೊಂಡೇ ನೋಡಿ. ನಡೆದ್ರೆ ಆಗಲ್ವಾ ಅಂತ ಕೇಳ್ತಾರೆ. ಆಗುತ್ತೆ, ಚೆನ್ನಾಗೂ ಇರುತ್ತೆ, ಆದ್ರೆ ಎಲ್ಲಾ ಕಡೆ ನಡೆಯೋಕೆ ಅರ್ಧ ದಿನ ಬೇಕು, ಹತ್ತು ಗಂಟೆ ದಾಟಿದ್ಮೇಲೆ ಇಲ್ಲಿ ಬಿಸ್ಲು ಚೆನ್ನಾಗೇ ಹೊಡೆಯುತ್ತೆ. ಬೇಲೂರು ತಾಲ್ಲೂಕು ಅಂದ ತಕ್ಷಣ ಎಲ್ಲರೂ ಮಲೆನಾಡು ಅಂದ್ಕೋತಾರೆ, ಹಳೇಬೀಡು-ಮಾದಿಹಳ್ಳಿ ಕಡೆ ಮಳೆ ಅಷ್ಟಿಲ್ಲ, ಇಲ್ಲಿ ಕಾಫಿ ತೋಟಕ್ಕಿಂತ ಮುಸುಕಿನ ಜೋಳ, ರಾಗಿ, ಆಲೂಗಡ್ಡೆ, ತೆಂಗು ಜಾಸ್ತಿ. ಸಮುದ್ರ ಮಟ್ಟದಿಂದ 850 ಮೀಟರ್‌ಗೂ ಮೇಲಿರೋ ಜಾಗ ಆದ್ರಿಂದ ಬೆಳಗ್ಗೆ ಮಾತ್ರ ಸೊಗಸಾದ ತಂಪು. ಪಕ್ಕದೋರ ಹತ್ರ ಮಾತಾಡ್ಕೊಂಡು ಓಡೋ ಸ್ಪೀಡು ಸಾಕು, ಯಾರ ರೆಕಾರ್ಡೂ ಮುರಿಯೋದು ಬೇಡ.

ದಾರಿ ಹೇಳ್ತೀನಿ. ದೇವಸ್ಥಾನದ ಮುಂದಿಂದ ಶುರು ಮಾಡಿ ಹಾಸನ ರಸ್ತೆ ಕಡೆ ಬಸದಿಹಳ್ಳಿಗೆ ಬನ್ನಿ, ಅರ್ಧ ಕಿಲೋಮೀಟರ್ ಆಸುಪಾಸು ಅಷ್ಟೇ, ಮೈ ಬಿಸಿ ಆಗೋಕೂ ಮುಂಚೆ ಸಿಕ್ಕಿಬಿಡುತ್ತೆ. ಅಲ್ಲಿರೋ ಜೈನ ಬಸದಿಗಳ ಒಳಗೆ ಈಗ್ಲೇ ಹೋಗ್ಬೇಡಿ, ವಾಪಸ್ ಬರ್ತಾ ಹೋಗಿ, ಅಷ್ಟೊತ್ತಿಗೆ ಬಾಗಿಲೂ ತೆಗೆದಿರುತ್ತೆ, ನಿಮ್ಮ ಬೆವರೂ ಒಂದಿಷ್ಟು ಆರಿರುತ್ತೆ. ಅಲ್ಲಿಂದ ಸ್ವಲ್ಪ ಮುಂದೆ ಕೇದಾರೇಶ್ವರ ದೇವಸ್ಥಾನ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ ಮತ್ತು ರಾಣಿ ಅಭಿನವ ಕೇತಲದೇವಿ 1219ರ ಹೊತ್ತಿಗೆ ಕಟ್ಟಿಸಿದ್ದು, ಹೊಯ್ಸಳೇಶ್ವರದ ಮುಂದೆ ಚಿಕ್ಕದು, ಆದ್ರೆ ಅಲ್ಲಿ ಜನ ಇರಲ್ಲ, ಹುಲ್ಲು, ಗಾಳಿ, ನಕ್ಷತ್ರದ ಆಕಾರದ ಜಗತಿ (ದೇವಸ್ಥಾನ ನಿಂತಿರೋ ಕಲ್ಲಿನ ಕಟ್ಟೆ), ನಿಂತು ಉಸಿರು ತಗೊಳ್ಳೋಕೆ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಅಲ್ಲಿಂದ ಹೊಲಗಳ ನಡುವೆ ಹುಳಿಕೆರೆ ಕಡೆಗೆ ಹೋದ್ರೆ ಹೊಯ್ಸಳರ ಕಾಲದ ಕಲ್ಯಾಣಿ ಸಿಗುತ್ತೆ, ಸುತ್ತಲೂ ಕಲ್ಲಿನ ಮೆಟ್ಲು, ಅದರ ಮೇಲೆ ಪುಟ್ಟ ಪುಟ್ಟ ಗುಡಿಗಳು, ಕೆಳಗೆ ನೀರು. ಬೇಲೂರು ಹಳೇಬೀಡು ನೋಡಿದೀನಿ ಅನ್ನೋರಲ್ಲಿ ಬಹಳ ಜನ ಇದನ್ನ ನೋಡಿರಲ್ಲ, ಕೇಳಿ ನೋಡಿ ಬೇಕಾದ್ರೆ.

ವಾಪಸ್ ಬರ್ತಾ ಬಸದಿ. ಒಂದೇ ಕಾಂಪೌಂಡಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ಪಾರ್ಶ್ವನಾಥ ಬಸದಿಯ ಕಥೆ ಗೊತ್ತಿಲ್ದೆ ಒಳಗೆ ಹೋದ್ರೆ ಹೊಳೆಯೋ ಕಂಬ ನೋಡ್ಕೊಂಡು ಬರ್ತೀರ ಅಷ್ಟೇ. 1133ರಲ್ಲಿ ಬೊಪ್ಪ ಅನ್ನೋನು ತನ್ನ ತಂದೆ ಗಂಗರಾಜನ ನೆನಪಿಗೆ ಕಟ್ಟಿಸಿದ್ದು. ಗಂಗರಾಜ ಅಂದ್ರೆ ವಿಷ್ಣುವರ್ಧನನ ದಂಡನಾಯಕ, ಚೋಳರಿಂದ ತಲಕಾಡು ಬಿಡಿಸಿಕೊಂಡೋನು. ಪ್ರತಿಷ್ಠೆ ಆದ್ಮೇಲೆ ಪ್ರಸಾದ ತಗೊಂಡು ಹೋದಾಗ ವಿಷ್ಣುವರ್ಧನ ಬಂಕಾಪುರದಲ್ಲಿದ್ದ, ಆಗಷ್ಟೇ ಯುದ್ಧ ಗೆದ್ದಿದ್ದ, ಅದೇ ಹೊತ್ತಿಗೆ ಮಗನೂ ಹುಟ್ಟಿದ್ದ, ಆ ಖುಷಿಗೆ ದೇವರಿಗೆ ವಿಜಯಪಾರ್ಶ್ವ ಅಂತ, ಮಗನಿಗೆ ವಿಜಯನರಸಿಂಹ ಅಂತ ಹೆಸರಿಟ್ಟ. ಇದು ಕಟ್ಟುಕಥೆ ಅಲ್ಲ, ಅಲ್ಲಿನ ಶಾಸನವೇ ಹೇಳೋದು. ಒಂದು ಊರಲ್ಲಿ ದಂಡನಾಯಕನ ಮಗ ಜಿನಾಲಯ ಕಟ್ಟಿಸ್ತಾನೆ, ಅದರಿಂದ ಕೂಗಳತೆ ದೂರದಲ್ಲಿ ಅದೇ ಕಾಲಕ್ಕೆ ಅಷ್ಟು ದೊಡ್ಡ ಶಿವಾಲಯ ಏಳ್ತಿರುತ್ತೆ (ಹೊಯ್ಸಳೇಶ್ವರದ ಕೆಲಸ ಶುರುವಾಗಿದ್ದು 1121ರ ಸುಮಾರಿಗೆ), ಇವೆರಡರ ನಡುವಿನ ದಾರೀಲಿ ಓಡಿದ್ರೆ ಆ ಕಾಲದ ಕಲ್ಲುಕುಟಿಗರು, ಎತ್ತಿನ ಗಾಡಿಗಳು ಇದೇ ನೆಲದ ಮೇಲೆ ಓಡಾಡಿರಬೇಕು ಅಂತ ಅನ್ನಿಸದೇ ಇರಲ್ಲ.

ಇಷ್ಟೂ ಸೇರಿ ಆರೇಳು ಕಿಲೋಮೀಟರ್ ಆಸುಪಾಸು. ಇನ್ನೂ ಬೇಕು ಅನ್ನೋರಿಗೆ ಪುಷ್ಪಗಿರಿ ಇದೆ, ಊರಿಂದ ಮೂರು ಕಿಲೋಮೀಟರ್ ಹತ್ರ ಹತ್ರ, ಗುಡ್ಡದ ಮೇಲೆ ಮಲ್ಲಿಕಾರ್ಜುನ ದೇವಸ್ಥಾನ, ಹತ್ತೋದು ತೊಡೆಗೆ ಚೆನ್ನಾಗಿ ಕೆಲಸ ಕೊಡುತ್ತೆ. ಲಾಂಗ್ ರನ್ ಮಾಡೋರಿಗೆ ಬೇಲೂರಿಂದ ಹಳೇಬೀಡಿಗೆ 16 ಕಿಲೋಮೀಟರ್, ಆ ಕಡೆ 1117ರ ಚೆನ್ನಕೇಶವ, ಈ ಕಡೆ ಹೊಯ್ಸಳೇಶ್ವರ. ಆದ್ರೆ ಆ ರಸ್ತೇಲಿ ಬಸ್ಸು ಲಾರಿ ಶುರುವಾಗೋಕೆ ಮುಂಚೆ ಮುಗಿಸ್ಬೇಕು, ರಸ್ತೆ ಬಲಗಡೆ ಓಡಿ, ಎದುರಿಂದ ಬರೋ ಗಾಡಿ ಕಾಣ್ತಿರಬೇಕು.

ಈಗ ಕೆರೆ ವಿಷ್ಯಕ್ಕೆ ಬರ್ತೀನಿ, ಈ ಪೋಸ್ಟ್ ಬರೆಯೋಕೆ ಕಾರಣವೇ ಅದು.

2023ರ ಸೆಪ್ಟೆಂಬರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ವು. ಬಹಳ ಹೆಮ್ಮೆ ಆಯ್ತು. ಆದ್ರೆ ಹೆಮ್ಮೆ ಹಿಂದೇನೇ ನನಗೊಂದು ಭಯಾನೂ ಶುರುವಾಯ್ತು. ನಮ್ಮಲ್ಲಿ ಅಭಿವೃದ್ಧಿ ಅಂದ್ರೆ ಒಂದೇ ನಮೂನೆ ಆಗ್ಬಿಟ್ಟಿದೆ, ಕೆರೆ ಸುತ್ತ ತಂತಿಬೇಲಿ, ಏರಿ ಮೇಲೆ ಇಂಟರ್‌ಲಾಕ್ ಟೈಲ್ಸ್, ಸ್ಟೀಲ್ ರೇಲಿಂಗ್, ಬಣ್ಣಬಣ್ಣದ ಲೈಟು, ಒಂದು ಸೆಲ್ಫಿ ಪಾಯಿಂಟು. ಬೆಂಗಳೂರಲ್ಲಿ ಕೆರೆ ಸುತ್ತ ವಾಕಿಂಗ್ ಟ್ರ್ಯಾಕ್ ಮಾಡಿದ್ದಕ್ಕೆ ಕಾರಣ ಇರಬಹುದು, ಅಲ್ಲಿ ಓಡೋಕೆ ಬೇರೆ ಜಾಗವೇ ಇಲ್ಲ, ಬೇಲಿ ಇಲ್ದಿದ್ರೆ ಒತ್ತುವರಿ ಬೇರೆ. ದ್ವಾರಸಮುದ್ರ ಕೆರೆಗೆ ಅದೇ ನಮೂನೆ ತಂದು ಅಂಟಿಸೋದು ತಪ್ಪು. ಇಲ್ಲಿ ಏರಿ ಅಂದ್ರೆ ದನ ಹೊಡ್ಕೊಂಡು ಹೋಗೋ ದಾರಿ, ಹೊಲಕ್ಕೆ ಹೋಗೋ ದಾರಿ. ನೀರಿನ ಅಂಚಿಗೆ ದನ ಇಳೀಬೇಕು, ಕೊಕ್ಕರೆ ನಿಲ್ಲಬೇಕು. ಅಂಚಿಗೆಲ್ಲ ಕಾಂಕ್ರೀಟ್ ಕಟ್ಟಿದ್ರೆ ಎರಡೂ ಆಗಲ್ಲ. ಓಡೋರಾಗಿ ಹೇಳ್ತಿದೀನಿ, ಮಂಡಿಗೆ ಮಣ್ಣಿನ ದಾರಿಯಷ್ಟು ಒಳ್ಳೇದು ಟೈಲ್ಸ್ ಅಲ್ಲ, ಮಳೆ ಬಿದ್ದ ಟೈಲ್ಸ್ ಮೇಲಂತೂ ಜಾರಿ ಬೀಳೋದೇ. ಕೆರೆ ಪೂರ್ತಿ ಸುತ್ತು ಹಾಕೋ ಒಂದೇ ನೀಟಾದ ದಾರಿ ಇಲ್ಲಿಲ್ಲ ಅಂತ ಕೆಲವರಿಗೆ ಬೇಜಾರು, ನನಗೆ ಅದೇ ಇಷ್ಟ, ನೀರು ತುಂಬಿದ ವರ್ಷ ಒಂದು ದಾರಿ, ಕಮ್ಮಿ ಇದ್ದ ವರ್ಷ ಇನ್ನೊಂದು ದಾರಿ, ಕೆರೆ ಬಿಟ್ಟಷ್ಟು ಓಡೋದು.

ಈ ಕೆರೆಯ ನೀರಿಗೆ ಇಲ್ಲಿನ ಜನ ಎಷ್ಟು ಒದ್ದಾಡಿದಾರೆ ಅನ್ನೋದೂ ಗೊತ್ತಿರಬೇಕು. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೆರೆ ಒಣಗಿ ಅಂಗಳ ಬಿರುಕು ಬಿಟ್ಟಿದ್ದನ್ನ ಈ ಹೋಬಳಿಯೋರು ಕಣ್ಣಾರೆ ನೋಡಿದಾರೆ, ರಣಘಟ್ಟ ಯೋಜನೆ ಮಾಡಿ ನಮ್ಮ ಕೆರೆಗಳಿಗೆ ನೀರು ಹರಿಸಿ ಅಂತ ಹಳೇಬೀಡು, ಮಾದಿಹಳ್ಳಿ ರೈತರು ವರ್ಷಗಟ್ಟಲೆ ಹೋರಾಡಿದಾರೆ, ಪಾದಯಾತ್ರೆ ಮಾಡಿದಾರೆ. ಅಂಥ ಜಾಗದಲ್ಲಿ ದುಡ್ಡಿದ್ರೆ ಮೊದಲು ಖರ್ಚಾಗ್ಬೇಕಾಗಿದ್ದು ತೂಬು, ಕೋಡಿ, ಹೂಳು, ಕೆರೆಗೆ ನೀರು ತರೋ ಕಾಲುವೆ ಇವಕ್ಕೆ. ಲೈಟು ಆಮೇಲೆ. ನನ್ನ ಕೇಳಿದ್ರೆ ಲೈಟು ಬೇಡವೇ ಬೇಡ.

ಹಾಗಾದ್ರೆ ಏನೂ ಮಾಡ್ಬಾರ್ದಾ? ಮಾಡ್ಬೇಕು, ಆದ್ರೆ ಖರ್ಚು ಕಮ್ಮಿ ಇರೋದು. ಊರ ತುಂಬ ಇರೋ ಹಳೇ ಜಾಗಗಳನ್ನ ಒಂದಕ್ಕೊಂದು ಸೇರಿಸೋ ದಾರಿ ಫಲಕ, ಕನ್ನಡದಲ್ಲಿ, ಎಷ್ಟು ದೂರ ಅಂತ ಬರೆದಿರೋದು. ಹೊಯ್ಸಳೇಶ್ವರಕ್ಕೆ ಉತ್ತರಕ್ಕಿರೋ ಗುಡ್ಲೇಶ್ವರ, ವೀರಭದ್ರ ದೇವಸ್ಥಾನಗಳಿಗೆ ದಾರಿ ತೋರಿಸೋದು. ಕೆರೆ ಹತ್ರ ನಗರೇಶ್ವರದಲ್ಲಿ ಅಗೆದು ತೆಗೆದ ಅಡಿಪಾಯಗಳ ಮುಂದೆ ಇದೇನು ಅಂತ ಎರಡು ಸಾಲು. ಎರಡು ಮೂರು ಕಡೆ ಕುಡಿಯೋ ನೀರು, ಹೆಣ್ಣುಮಕ್ಕಳಿಗೆ ನಿಜವಾಗ್ಲೂ ಬೀಗ ಹಾಕದೇ ಇರೋ ಟಾಯ್ಲೆಟ್. ಇಷ್ಟಾದ್ರೆ ಟೂರಿಸ್ಟು ಒಂದು ಗಂಟೆ ಬದಲು ಅರ್ಧ ದಿನ ಉಳೀತಾನೆ, ಇಲ್ಲೇ ತಿಂಡಿ ತಿಂತಾನೆ, ಊರಿನ ಅಂಗಡಿಗೆ ವ್ಯಾಪಾರ ಆಗುತ್ತೆ.

ಹೆರಿಟೇಜ್ ರನ್, ಮ್ಯಾರಥಾನ್ ಅಂತ ಪ್ಲಾನ್ ಮಾಡೋರಿಗೂ ಒಂದು ಮಾತು. ಸಾವಿರಾರು ಜನರನ್ನ ದೇವಸ್ಥಾನದ ಬಾಗಿಲಲ್ಲಿ ಸೇರಿಸಿ ಡಿಜೆ ಹಾಕ್ಬೇಡಿ ದಯವಿಟ್ಟು. ಆ ಆವರಣದಲ್ಲೇ ಕುವರ ಲಕ್ಷ್ಮನ ಕಂಬ ಇದೆ, 1220ರಲ್ಲಿ ತನ್ನ ಒಡೆಯ ಬಲ್ಲಾಳ ತೀರ್ಕೊಂಡಾಗ ಹೆಂಡತಿ, ಜೊತೆಗಾರರ ಸಮೇತ ಪ್ರಾಣ ಬಿಟ್ಟೋನ ಸ್ಮಾರಕ, ಅಂಥ ಜಾಗದ ಪಕ್ಕ ಸೌಂಡ್ ಬಾಕ್ಸ್ ಸರಿಹೋಗಲ್ಲ. ಸಣ್ಣ ಗುಂಪು ಸಾಕು. ಸ್ಟಾರ್ಟ್ ಯಾವುದಾದ್ರೂ ಶಾಲೆ ಮೈದಾನದಲ್ಲಿಡಿ, ಊರಿನ ಶಾಲೆ ಮಕ್ಕಳಿಗೆ ಫೀಸ್ ಇಲ್ದೆ ಓಡೋಕೆ ಬಿಡಿ, ಅವರಲ್ಲೇ ದೊಡ್ಡ ಮಕ್ಕಳು ಪ್ರತಿ ಜಾಗದಲ್ಲೂ ನಿಂತು ಎರಡು ನಿಮಿಷ ಕಥೆ ಹೇಳ್ಲಿ. ಪ್ಲಾಸ್ಟಿಕ್ ಬಾಟ್ಲಿ ಬೇಡ, ಸ್ಟೀಲ್ ಲೋಟ ಸಾಕು.

ಒಬ್ಬೊಬ್ರೇ ಬರೋರು ಸುಗ್ಗಿ ಟೈಮಲ್ಲಿ ರಸ್ತೆ ಮೇಲೆ ಹುರುಳಿ, ರಾಗಿ ಹರಡಿರೋದನ್ನ ತುಳೀಬೇಡಿ, ಪಕ್ಕಕ್ಕೆ ಹೋಗಿ. ಬಸದಿ, ದೇವಸ್ಥಾನಕ್ಕೆ ಹೋಗೋಕೆ ಒಂದು ಒಣ ಟೀಶರ್ಟು, ಟವೆಲ್ಲು ಇಟ್ಕೊಳ್ಳಿ. ಡಿಸೆಂಬರಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಜಾಸ್ತಿ, ಆಗ ವಾರದ ದಿನಾನೂ ರಷ್ ಇರುತ್ತೆ, ಮಳೆ ನಿಂತ ಅಕ್ಟೋಬರ್ ಕೊನೆ ಅಥವಾ ಜನವರಿ ಒಳ್ಳೇದು. ಏರಿ ಮೇಲೆ ದನ ಹೊಡ್ಕೊಂಡು ಬರೋ ಅಜ್ಜ ಸಿಕ್ಕಿದ್ರೆ ನೀವೇ ನಿಂತು ದಾರಿ ಬಿಡಿ, ನೀರು ಈ ಸಲ ಎಲ್ಲೀವರೆಗೆ ಬಂದಿದೆ, ಯಾವ ದಾರಿ ಕೆಸರು ಅಂತ ಅವರನ್ನೇ ಕೇಳಿ, ಗೂಗಲ್ ಮ್ಯಾಪ್‌ಗಿಂತ ಸರಿಯಾಗಿ ಹೇಳ್ತಾರೆ.