ಇಪ್ಪತ್ತಕ್ಕೆ ಗುಜರಿ, ಐವತ್ತಕ್ಕೆ ಪರಂಪರೆ

ನಮ್ಮ ಮೋಟಾರು ಕಾನೂನಿನ ಪ್ರಕಾರ ಕಾರಿಗೂ ನಾಲ್ಕು ಆಶ್ರಮಗಳಿವೆ. ಸ್ವಂತ ಬಳಕೆಯ ಕಾರನ್ನು ಮೊದಲ 15 ವರ್ಷ ಯಾರೂ ಮಾತಾಡಿಸುವುದಿಲ್ಲ. ಬ್ರೇಕು ಹಿಡಿಯದಿದ್ದರೂ, ಸ್ಟೇರಿಂಗು ಎಡಕ್ಕೆ ಎಳೆಯುತ್ತಿದ್ದರೂ ಅದು ಯೋಗ್ಯ ವಾಹನವೇ. 15 ತುಂಬಿದ ಮರುದಿನ ಬೆಳಗ್ಗೆ ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಅನುಮಾನ ಬರುತ್ತದೆ. 5,000 ರೂಪಾಯಿ ಕಟ್ಟಿ ಆರ್‌ಸಿ ನವೀಕರಿಸಿದರೆ ಆ ಅನುಮಾನ ಐದು ವರ್ಷಕ್ಕೆ ಪರಿಹಾರ. 20 ದಾಟಿದರೆ ಅನುಮಾನವೂ ದುಪ್ಪಟ್ಟು, ಶುಲ್ಕವೂ ದುಪ್ಪಟ್ಟು: 10,000. ಅದೇ ಕಾರು ಹಡಗಿನಲ್ಲಿ ಬಂದಿಳಿದದ್ದಾದರೆ 80,000. ಇದು 2025ರ ಆಗಸ್ಟ್‌ನಲ್ಲಿ ಬಂದ ನಿಯಮ. ಸಮುದ್ರ ದಾಟಿದ ಬ್ರೇಕು ಎಂಟು ಪಟ್ಟು ಬೇಗ ಸವೆಯುತ್ತದೆ ಎಂದು ಯಾರು, ಎಲ್ಲಿ ಕಂಡುಹಿಡಿದರೋ!

50 ದಾಟಿತೋ, ಅದೇ ಕಾರು ದೇಶದ ಪರಂಪರೆ. 2021ರ ನಿಯಮದ ಪ್ರಕಾರ ಅದು ‘ವಿಂಟೇಜ್’. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಬಿರುದು, ಹತ್ತು ವರ್ಷದ ನೋಂದಣಿ. ಹಾಗಾದರೆ 20ರಿಂದ 50ರವರೆಗಿನ ಮೂವತ್ತು ವರ್ಷ ಕಾರು ಎಲ್ಲಿರಬೇಕು, ಏನು ಮಾಡಿಕೊಂಡಿರಬೇಕು? ಅದನ್ನು ಯಾವ ಗೆಜೆಟ್ಟೂ ಹೇಳುವುದಿಲ್ಲ.

ಈ ಮೂವತ್ತು ವರ್ಷದ ಹೊಸ್ತಿಲಲ್ಲಿ ನಿಂತಿದ್ದ ಗಾಡಿಯೊಂದನ್ನು ನಮ್ಮ ಬಡಾವಣೆಯ ದಂತವೈದ್ಯರು ಕೊಂಡರು. 2005ರಲ್ಲಿ ನೋಂದಣಿಯಾದ, ಹಡಗಿನಲ್ಲೇ ಬಂದಿಳಿದ ಪೋರ್ಷೆ ಬಾಕ್ಸ್‌ಸ್ಟರ್. ಎರಡೇ ಸೀಟು, ಮಡಚುವ ಬಟ್ಟೆಯ ಚಾವಣಿ, ಬೆನ್ನ ಹಿಂದೆಯೇ ಆರು ಸಿಲಿಂಡರಿನ ಇಂಜಿನ್. ಮಕ್ಕಳ ಓದು ಮುಗಿದಿತ್ತು, ಮನೆ ಸಾಲ ತೀರಿತ್ತು, ತಲೆಗೂದಲು ಇನ್ನೂ ಸ್ವಲ್ಪ ಉಳಿದಿತ್ತು. ಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ. ಆದರೆ ಆರ್‌ಸಿಯ ಗಡುವು ಹತ್ತಿರ ಬಂದಿತ್ತು. ಗಾಡಿ ರಸ್ತೆಗೆ ಯೋಗ್ಯವೋ ಅಲ್ಲವೋ ನೋಡಿಸಬೇಕಿತ್ತು.

ಡಾಕ್ಟರು ಮೊದಲು ಹೋದದ್ದು ಶಿವಾಜಿನಗರದ ಒಬ್ಬ ಮೆಕ್ಯಾನಿಕ್ ಬಳಿಗೆ. ಭಾಯ್ ಕಾರಿನ ಹೊಳಪಿನತ್ತ ಕಣ್ಣೆತ್ತಿಯೂ ನೋಡಲಿಲ್ಲ. ಸೀದಾ ಕುಕ್ಕರಗಾಲಿನಲ್ಲಿ ಕೂತು ಟೈರಿನ ಮಗ್ಗುಲಲ್ಲಿದ್ದ ನಾಲ್ಕು ಅಂಕಿ ಓದಿದರು: 3412. ಅಂದರೆ 2012ರ 34ನೇ ವಾರದಲ್ಲಿ ತಯಾರಾದ ಟೈರು. ಕಾರು ಓಡಿದ್ದಕ್ಕಿಂತ ಶೆಡ್ಡಿನಲ್ಲಿ ನಿಂತದ್ದೇ ಹೆಚ್ಚಾದ್ದರಿಂದ ಟೈರಿನ ಗೆರೆಗಳೆಲ್ಲ ಆಳವಾಗಿಯೇ ಇದ್ದವು. ಕಾನೂನು ಕೇಳುವ 1.6 ಮಿಲಿಮೀಟರಿಗೆ ಏನೂ ಕೊರತೆಯಿಲ್ಲ. ಆದರೆ ರಬ್ಬರು ಮಾತ್ರ ಕಲ್ಲಾಗಿ, ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟಿತ್ತು.

“ಹಲ್ಲು ಚೆನ್ನಾಗೈತೆ ಡಾಕ್ಟ್ರೇ, ಒಸಡು ಹೋಗೈತೆ” ಅಂದರು ಭಾಯ್.

ಇಷ್ಟು ಸಲೀಸಾಗಿ ಅರ್ಥವಾಗುವ ತಪಾಸಣಾ ವರದಿ ಡಾಕ್ಟರಿಗೆ ಇನ್ನೆಲ್ಲೂ ಸಿಗುತ್ತಿರಲಿಲ್ಲ. ಮುಂದಿನದೂ ಹಾಗೇ ನಡೆಯಿತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಕಪ್ಪಾಗಿತ್ತು. ಇಳಿಜಾರಿನಲ್ಲಿ ಕಾದು ಕುದಿದರೆ ಪೆಡಲು ನೆಲ ಮುಟ್ಟುತ್ತದೆ. ಮುಂದಿನ ಬಂಪರಿನ ಎರಡು ಬಾಯಿಗಳ ಹಿಂದಿರುವ ರೇಡಿಯೇಟರುಗಳಲ್ಲಿ ವರ್ಷಗಟ್ಟಲೆಯ ಹೊಂಗೆ ಎಲೆ ಕೊಳೆತು ಗೊಬ್ಬರವಾಗಿತ್ತು. ಚಾವಣಿಯ ಮೂಲೆಯ ನೀರು ಹೋಗುವ ತೂತುಗಳು ಕಟ್ಟಿಕೊಂಡಿದ್ದವು. ಅವು ಕಟ್ಟಿದರೆ ಮಳೆ ನೀರು ಸೀಟಿನ ಕೆಳಗೆ ಇಳಿಯುತ್ತದೆ. ಬೀಗ ಮತ್ತು ಅಲಾರಮ್ಮಿನ ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುವುದೂ ಅಲ್ಲೇ. ಕೊನೆಗೆ ಭಾಯ್ ಇಂಜಿನ್ ಆಯಿಲ್ ಇಳಿಸಿ, ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿದು ಲೋಹದ ಚೂರು ಹುಡುಕಿದರು. ಆ ಕಾಲದ ಬಾಕ್ಸ್‌ಸ್ಟರ್ ಇಂಜಿನ್ನಿನ ಒಳಗೆ ನಡುವಿನ ಶಾಫ್ಟಿಗೊಂದು ಬೇರಿಂಗ್ ಇದೆ. ಅದು ಪುಡಿಯಾದರೆ ಇಂಜಿನ್ ಪೂರ್ತಿ ಹೋದಂತೆ. ಪುಣ್ಯಕ್ಕೆ ಚೂರು ಸಿಗಲಿಲ್ಲ.

ತೀರ್ಪು: ಇಂಜಿನ್ ಓಕೆ. ನಾಲ್ಕು ಟೈರು, ಬ್ರೇಕ್ ಆಯಿಲ್, ಬುಷ್‌ಗಳು ಬದಲಾಗುವವರೆಗೆ ಗಾಡಿ ಮನೆಯಲ್ಲೇ ಇರಲಿ.

ಈಗ ಸರ್ಕಾರಿ ತಪಾಸಣೆಗೆ ಬರೋಣ. ಆರ್‌ಟಿಒ ಕಚೇರಿಯ ಗೇಟಿನಲ್ಲೇ ಒಂದು ಹಂಪು. ರಸ್ತೆ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬರೆದಿಟ್ಟಿದೆ. ಈ ಹಂಪಿಗೆ ಓದು ಬರಹ ಬಂದಂತೆ ಕಾಣಲಿಲ್ಲ. ಡಾಕ್ಟರು ಕಾರನ್ನು ಓರೆಯಾಗಿ ಹತ್ತಿಸಿ, ಓರೆಯಾಗಿ ಇಳಿಸಿ, ಹೊಟ್ಟೆ ಕೆರೆದ ಶಬ್ದಕ್ಕೆ ಕಣ್ಣು ಮುಚ್ಚಿಕೊಂಡು ಒಳಗೆ ಹೋದರು.

ನಮ್ಮ ಕಡೆ ಮೋಟಾರು ವಾಹನ ನಿರೀಕ್ಷಕರನ್ನು ಜನ ಇವತ್ತಿಗೂ ‘ಬ್ರೇಕ್ ಇನ್ಸ್‌ಪೆಕ್ಟರ್’ ಅನ್ನುತ್ತಾರೆ. ಅಂದು ಬ್ರೇಕೊಂದನ್ನು ಬಿಟ್ಟು ಉಳಿದದ್ದೆಲ್ಲ ಇನ್ಸ್‌ಪೆಕ್ಟ್ ಆಯಿತು.

“ಬಾನೆಟ್ ತೆಗೀರಿ.”

ತೆಗೆದರು. ಒಳಗೊಂದು ಸ್ಟೆಪ್ನಿ, ಒಂದು ಖಾಲಿ ಡಿಕ್ಕಿ.

“ಇಂಜಿನ್ ಎಲ್ರೀ?”

“ಹಿಂದೆ ಇದೆ ಸಾರ್.”

ಹಿಂದೆ ತೆಗೆದರೆ ಅಲ್ಲೂ ಡಿಕ್ಕಿ. ಆಯಿಲ್ ಹಾಕುವ ಮುಚ್ಚಳ, ನೀರಿನ ಮುಚ್ಚಳ, ಅಷ್ಟೇ. ಬಾಕ್ಸ್‌ಸ್ಟರ್‌ನ ಇಂಜಿನ್ ನೋಡಬೇಕಾದರೆ ಚಾವಣಿಯನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿ, ಅದರಡಿಯ ಮುಚ್ಚಳ ಬಿಚ್ಚಬೇಕು. ಸಾಹೇಬರಿಗೆ ಅಷ್ಟು ಪುರುಸೊತ್ತಿಲ್ಲ. ಎರಡು ಡಿಕ್ಕಿ, ಶೂನ್ಯ ಇಂಜಿನ್ನಿನ ವಾಹನವನ್ನು ಯಾವ ಕಾಲಮ್ಮಿನಲ್ಲಿ ತುಂಬುವುದೆಂದು ಅವರು ಒಂದು ಗಳಿಗೆ ಯೋಚಿಸಿದರು.

“ಸ್ಟಾರ್ಟ್ ಮಾಡಿ.”

ಗುರ್ರೆಂದಿತು. ಇಂಜಿನ್ ಇದೆಯೆಂದು ಟಿಕ್ ಬಿತ್ತು.

ಆಮೇಲೆ ಚಾಸಿ ನಂಬರಿನ ಮೇಲೆ ಪೇಪರಿಟ್ಟು ಪೆನ್ಸಿಲ್ ತಿಕ್ಕಿದ್ದು, ಫಸ್ಟ್ ಏಡ್ ಪೆಟ್ಟಿಗೆ ಇದೆಯೇ ಎಂದದ್ದು, ವಿಮೆ ಮತ್ತು ಎಮಿಷನ್ ಚೀಟಿ ನೋಡಿದ್ದು. ಎಲ್ಲಕ್ಕಿಂತ ಶ್ರದ್ಧೆಯಿಂದ ನೋಡಿದ್ದು ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟನ್ನು. ಹಳೆಯ ವಾಹನಗಳಿಗೆ ಅದನ್ನು ಹಾಕಿಸಿ ಎಂದು 2023ರಲ್ಲಿ ಆದೇಶ ಬಂದು, ಗಡುವನ್ನು ಮುಂದೂಡಿ, ಮತ್ತೆ ಮುಂದೂಡಿದ್ದು ಕರ್ನಾಟಕಕ್ಕೆಲ್ಲ ಗೊತ್ತು. ಪ್ಲೇಟು ಮಾತ್ರ ಹೊಚ್ಚ ಹೊಸದು, ಹೊಲೊಗ್ರಾಮು ಫಳಫಳ. ಅದರಿಂದ ಒಂದು ಮೊಳ ದೂರದಲ್ಲೇ ಇದ್ದ 3412 ಎಂಬ ನಾಲ್ಕು ಅಂಕಿ ಯಾರ ಕಣ್ಣಿಗೂ ಬೀಳಲಿಲ್ಲ.

ವಾಹನ ಐದು ವರ್ಷಕ್ಕೆ ಯೋಗ್ಯ. 80,000 ಕಟ್ಟಿ.

ಡಾಕ್ಟರು ಕಟ್ಟಿದರು. ಟೈರಿಗೆಂದು ತೆಗೆದಿಟ್ಟಿದ್ದ ದುಡ್ಡು ಅದು. ಹಳೆಯ ಟೈರು ಯೋಗ್ಯ ಎಂದು ಬರೆಸಿಕೊಳ್ಳುವುದಕ್ಕೆ ಹೊಸ ಟೈರಿನ ದುಡ್ಡು ಸರಿಹೋಯಿತು.

ಈ ವಿಷಯದಲ್ಲಿ ಕರ್ನಾಟಕವನ್ನೊಂದೇ ಬೈದರೆ ಅನ್ಯಾಯ. ದೆಹಲಿಯವರು ಇನ್ನೂ ಮುಂದಿದ್ದಾರೆ. 2025ರ ಜುಲೈ 1ರಿಂದ ಅಲ್ಲಿನ ಪೆಟ್ರೋಲ್ ಬಂಕುಗಳಲ್ಲಿ ಕ್ಯಾಮೆರಾ ಕೂರಿಸಿ, 10 ದಾಟಿದ ಡೀಸೆಲ್ ಗಾಡಿಗೂ 15 ದಾಟಿದ ಪೆಟ್ರೋಲ್ ಗಾಡಿಗೂ ಇಂಧನ ಹಾಕಬಾರದೆಂದು ಹೊರಟರು. ಕ್ಯಾಮೆರಾ ಹೊಗೆ ನೋಡಲಿಲ್ಲ, ಬ್ರೇಕು ನೋಡಲಿಲ್ಲ. ನಂಬರು ನೋಡಿ ಜಾತಕ ತೆಗೆಯಿತು. ಜನ ರೊಚ್ಚಿಗೆದ್ದರು, ಕೆಲವೇ ದಿನಗಳಲ್ಲಿ ಆ ಕ್ರಮವನ್ನು ತಡೆಹಿಡಿಯಬೇಕಾಯಿತು. ಇಂಗ್ಲೆಂಡಿನಲ್ಲಿ ಮೂರು ತುಂಬಿದ ಕಾರನ್ನು ಪ್ರತಿ ವರ್ಷವೂ ಮೇಲೆತ್ತಿ, ತುಕ್ಕು, ಟೈರು, ಬ್ರೇಕು ನೋಡಿ, ಸರಿಯಿಲ್ಲದಿದ್ದರೆ ನಪಾಸು ಮಾಡುತ್ತಾರೆ. ನಮಗೆ ಅಷ್ಟೆಲ್ಲ ಬಗ್ಗಿ ಏಳುವ ಅಭ್ಯಾಸವಿಲ್ಲ. ಕ್ಯಾಲೆಂಡರು ಗೋಡೆಯ ಮೇಲೇ ಇರುತ್ತದಲ್ಲ.

ವಿಮಾ ಕಂಪನಿಯ ಗಣಿತ ಬೇರೆ ಇದೆ. ಕಾರಿಗೆ ವಯಸ್ಸಾದಷ್ಟೂ ಅವರ ಪುಸ್ತಕದಲ್ಲಿ ಅದರ ಬೆಲೆ ಇಳಿಯುತ್ತದೆ. ಸಾರಿಗೆ ಇಲಾಖೆಯ ಪುಸ್ತಕದಲ್ಲಿ ವಯಸ್ಸಾದಷ್ಟೂ ಶುಲ್ಕ ಏರುತ್ತದೆ. ಎರಡು ಗೆರೆಗಳೂ ಒಂದನ್ನೊಂದು ದಾಟುವ ದಿನ ಆರ್‌ಸಿಯ ಬೆಲೆ ಕಾರಿಗಿಂತ ಹೆಚ್ಚಾಗಿರುತ್ತದೆ. ಆಗ ಕಾರನ್ನು ಗುಜರಿಗೆ ಕೊಟ್ಟು ಆರ್‌ಸಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿಕೊಳ್ಳಬಹುದು.

ಲೆಕ್ಕ ಗೊತ್ತಿದ್ದ ಡಾಕ್ಟರು ಕಚೇರಿಯ ಹೊರಗಿನ ಹೊಂಗೆ ಮರದಡಿ ಬ್ರೋಕರ್ ಜೊತೆ ನಿಂತು ಕೂಡಿಸಿದರು. 2025ರಿಂದ 2050ರವರೆಗೆ ಐದೈದು ವರ್ಷಕ್ಕೊಮ್ಮೆ ಆರು ನವೀಕರಣ, 4,80,000 ರೂಪಾಯಿ. ಅದೂ ಶುಲ್ಕ ಹೀಗೇ ಇದ್ದರೆ. 2055ಕ್ಕೆ ಐವತ್ತು ತುಂಬಿದ ಮೇಲೆ ವಿಂಟೇಜ್ ನೋಂದಣಿಗೆ ಬರೀ 20,000, ಹತ್ತು ವರ್ಷಕ್ಕೆ. ಅಂದರೆ ಪರಂಪರೆಯಾದ ಕಾರು ಗುಜರಿಯಾದ ಕಾರಿಗಿಂತ ವರ್ಷಕ್ಕೆ ಎಂಟು ಪಟ್ಟು ಅಗ್ಗ. ಒಂದೇ ತೊಡಕು, ವಿಂಟೇಜ್ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಿಕೊಂಡು ಬರಲಿಕ್ಕೆ ಒಯ್ಯಬಹುದು.

“ಓಡಿಸದ ಗಾಡಿಗೆ ಪೆಟ್ರೋಲ್ ಯಾಕಪ್ಪಾ?” ಅಂದರು ಡಾಕ್ಟರು.

“ರೂಲ್ಸ್ ಸಾರ್ ಅದು. ಈಗ ಇನ್ನೊಂದು ಕೇಳಿ. ಆ ಭಾಯ್ ಮಾತು ಕೇಳ್ಕೊಂಡು ಟೈರ್-ಗೀರ್ ಚೇಂಜ್ ಮಾಡಿಸಿಬಿಟ್ಟೀರಾ. 2055ರಲ್ಲಿ ಒರಿಜಿನಲ್ ಇದೆಯಾ ಅಂತ ಕೇಳ್ತಾರೆ.”