ಬೆಂಕಿ ಬಿದ್ದಿದೆ, ದಯವಿಟ್ಟು ಮುಂದಿನ ಸ್ಲೈಡ್

ಬೆಂಗಳೂರಿನ ಆಫೀಸುಗಳಲ್ಲಿ ಈಗ ಯಾರೂ ಒಂದು ವಿಷಯವನ್ನು ಸುಮ್ನೆ ಹೇಳುವ ಹಾಗಿಲ್ಲ. ಮಾರಬೇಕು. ಸೇಲ್ಸ್‌ನವರು ಮಾರುವುದು ಸರಿ, ಅದು ಅವರ ಹೊಟ್ಟೆಪಾಡು. ಇನ್ಸೆಂಟಿವ್ ಕೂಡ ಸಿಗುತ್ತದೆ. ಆದರೆ ಈಗ ಅಕೌಂಟ್ಸ್‌ನವರು ತೆರಿಗೆ ಕಟ್ಟುವ ಗಡುವನ್ನು ಮಾರಬೇಕು. ಟೆಸ್ಟಿಂಗ್‌ನವರು ತಾವು ಹಿಡಿದ ಬಗ್ಗನ್ನು ಮಾರಬೇಕು. ಕಟ್ಟಡ ನೋಡಿಕೊಳ್ಳುವವರು ಲಿಫ್ಟಿನ ರೋಪ್ ಸವೆದಿದೆ ಎನ್ನುವುದನ್ನು, ಅದೇ ಲಿಫ್ಟಿನಲ್ಲಿ ದಿನವೂ ಓಡಾಡುವ ಸಾಹೇಬರಿಗೆ, ಮನಸ್ಸಿಗೆ ನಾಟುವ ಹಾಗೆ ಮಾರಬೇಕು. ಬರೀ "ಸವೆದಿದೆ ಸಾರ್" ಅಂದರೆ ಇಂಪ್ಯಾಕ್ಟ್ ಸಾಲದಂತೆ.

ಅದಕ್ಕೇ ಎಚ್‌ಆರ್‌ನವರು ಎರಡು ದಿನದ ತರಬೇತಿ ಇಡುತ್ತಾರೆ. ಸೇಲ್ಸ್ ಗೊತ್ತಿಲ್ಲದ ಪಾಪದವರಿಗೆ ಮನವೊಲಿಸುವ ಪ್ರೆಸೆಂಟೇಶನ್ ಕಲಿಸುವ ತರಬೇತಿ. ಮಧ್ಯಾಹ್ನದ ಊಟ ಉಚಿತ. ಕಲಿಯುವುದರಲ್ಲಿ ಅದೊಂದೇ ಎಲ್ಲರಿಗೂ ಅರ್ಥವಾಗುವುದು.

ಅಂಕಿ-ಅಂಶ ಹೇಳಬೇಡಿ, ಕಥೆ ಹೇಳಿ ಎನ್ನುವುದರಿಂದ ಪಾಠ ಶುರು. ಅಕೌಂಟ್ಸ್‌ನವರ ಬಳಿ ಇರುವುದು ಎರಡೇ ಮಾತು. 20ನೇ ತಾರೀಖಿನೊಳಗೆ ಜಿಎಸ್‌ಟಿಆರ್-3ಬಿ, ಅಂದರೆ ಜಿಎಸ್‌ಟಿಯ ತಿಂಗಳ ರಿಟರ್ನ್, ಹಾಕಬೇಕು. ತೆರಿಗೆ ಕಟ್ಟುವುದು ತಡವಾದರೆ ವರ್ಷಕ್ಕೆ ಶೇ. 18 ಬಡ್ಡಿ. ಹೇಳಲು ಅರ್ಧ ನಿಮಿಷ ಸಾಕು. ಆದರೆ ತರಬೇತಿ ಮುಗಿಸಿ ಬಂದ ಮೇಲೆ ಇದಕ್ಕೊಬ್ಬ ನಾಯಕ ಬೇಕು, ಒಂದು ಕಷ್ಟ ಬೇಕು, ಕೊನೆಗೊಂದು ಗೆಲುವು ಬೇಕು. "ತುಮಕೂರಿನ ಒಂದು ಗೋದಾಮಿನಲ್ಲಿ ಒಂದು ಪುಟ್ಟ ಇನ್‌ವಾಯ್ಸ್ ಇತ್ತು. ಅದಕ್ಕೆ ನನ್ನವರು ಅನ್ನುವವರು ಯಾರೂ ಇರಲಿಲ್ಲ..." ಕಥೆ ಮುಗಿದು ಸಭಿಕರು ಕಣ್ಣೊರೆಸಿಕೊಳ್ಳುವ ಹೊತ್ತಿಗೆ ತಾರೀಖು 21.

ಆಮೇಲೆ ಬರುತ್ತದೆ ತರಬೇತುದಾರರ ಕುಲದೇವತೆ: 7, 38, 55. ಕೇಳುವವರ ಮೇಲೆ ನಿಮ್ಮ ಪದಗಳ ಪ್ರಭಾವ ಶೇ. 7 ಮಾತ್ರ, ದನಿಯದು ಶೇ. 38, ಉಳಿದ ಶೇ. 55 ಹಾವಭಾವದ್ದು! ಈ ಸಂಖ್ಯೆಗಳ ಮೂಲ 1967ರಲ್ಲಿ ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞರು ಇತರರ ಜೊತೆ ಮಾಡಿದ ಪ್ರಯೋಗಗಳು. ಬಿಡಿ ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿದರು, ಮುಖದ ಫೋಟೋ ತೋರಿಸಿದರು, ಹೇಳಿದವರ ಮನಸ್ಸಿನಲ್ಲಿ ಏನಿದೆ ಊಹಿಸಿ ಅಂದರು. ಭಾವನೆಗಳ ವಿಷಯ ಬಿಟ್ಟು ಬೇರೆ ಕಡೆ ಇದನ್ನು ಬಳಸಬೇಡಿ ಎಂದು ಅವರೇ ಎಚ್ಚರಿಸಿದ್ದಾರೆ. ಆ ಎಚ್ಚರಿಕೆ ಬರೀ ಪದಗಳಲ್ಲಿತ್ತಲ್ಲ, ಹಾಗಾಗಿ ಶೇ. 7ರಷ್ಟೇ ತಲುಪಿದೆ. ತೆರಿಗೆ ಇಲಾಖೆಯ ನೋಟಿಸಿಗೆ ಯಾವ ಹಾವಭಾವ ಇರುತ್ತದೆ ಹೇಳಿ? ಆದರೂ ಎಷ್ಟು ಚೆನ್ನಾಗಿ ಅರ್ಥವಾಗುತ್ತದೆ, ಅಲ್ವಾ?

ಪ್ರೆಸೆಂಟೇಶನ್‌ಗೆ ಮುಂಚೆ ಎರಡು ನಿಮಿಷ ಸೊಂಟದ ಮೇಲೆ ಕೈಯಿಟ್ಟು, ಎದೆಯುಬ್ಬಿಸಿ ನಿಂತರೆ ಧೈರ್ಯ ಬರುತ್ತದೆ ಎನ್ನುವುದು ಇನ್ನೊಂದು ಪಾಠ. 2010ರ ಒಂದು ಸಂಶೋಧನೆಯ ಪ್ರಸಾದ ಇದು. ಆ ಸಂಶೋಧಕರಲ್ಲಿ ಒಬ್ಬರಾದ ಡೇನಾ ಕಾರ್ನಿ, ಈ ಪರಿಣಾಮ ನಿಜವೆಂದು ನಾನೀಗ ನಂಬುವುದಿಲ್ಲ ಎಂದು 2016ರಲ್ಲೇ ಹೇಳಿಬಿಟ್ಟರು. ಹೇಳಿದರೇನು, ನಮ್ಮ ಆಫೀಸುಗಳ ರೆಸ್ಟ್‌ರೂಮಿನಲ್ಲಿ ಕನ್ನಡಿಯ ಮುಂದೆ ಸೊಂಟಕ್ಕೆ ಕೈಯಿಟ್ಟ ಲೆಕ್ಕಪತ್ರದವರ ಸಾಲು ಕರಗಿಲ್ಲ. ಕೈ ತೊಳೆಯಲು ಬಂದವರು ಹೊರಗೆ ಕಾಯುತ್ತಾರೆ.

ಇಷ್ಟೆಲ್ಲ ಕಲಿಸುವವರು ಒಂದನ್ನು ಮಾತ್ರ ಕೇಳಿಕೊಳ್ಳುವುದಿಲ್ಲ. ಎದುರಿನ ಕುರ್ಚಿಯಲ್ಲಿ ಕೂತವರು ಕೇಳದೇ ಇದ್ದರೆ?

1986ರ ಜನವರಿ 27ರ ರಾತ್ರಿ ನಡೆದದ್ದು ಅದೇ. ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಮರುದಿನ ಹಾರಬೇಕಿತ್ತು. ಅದರ ಬೂಸ್ಟರ್ ರಾಕೆಟ್ ಮಾಡಿದ ಕಂಪನಿಯ ಎಂಜಿನಿಯರುಗಳು ಫೋನ್ ಮೀಟಿಂಗಿನಲ್ಲಿ ನಾಸಾದವರಿಗೆ ಹೇಳಿದರು: ಚಳಿಗೆ ಕೀಲುಗಳ ರಬ್ಬರ್ ಉಂಗುರ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಹಾರಿಸಬೇಡಿ. ಫ್ಲಾರಿಡಾದಲ್ಲಿ ಆ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಚಾರ್ಟುಗಳನ್ನೂ ಫ್ಯಾಕ್ಸ್ ಮಾಡಿದ್ದರು. ಆದರೂ ಒತ್ತಡ ಬಂತು. ಎಂಜಿನಿಯರುಗಳ ಮುಖ್ಯಸ್ಥರಿಗೆ ಅವರ ಮೇಲಿನವರು, ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ ಎಂದರು. ಟೋಪಿ ಬದಲಾಯಿತು. ನೌಕೆ ಹಾರಿತು. 73 ಸೆಕೆಂಡಿಗೆ ಛಿದ್ರ. ಏಳು ಜನ ಹೋದರು. ಆ ಎಂಜಿನಿಯರುಗಳಿಗೆ ಕಥೆ ಹೇಳುವ ಕಲೆ ಗೊತ್ತಿರಲಿಲ್ಲ ಅಂತ ಇವತ್ತಿಗೂ ಪಾಠ ಮಾಡುವವರಿದ್ದಾರೆ.

ನಮ್ಮ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾದ ವಿಷಯದಲ್ಲಿ ಸ್ಲೈಡ್ ಕೂಡ ಇತ್ತು. ನೌಕೆ ಮೇಲೇರುವಾಗ ಫೋಮ್ ತುಂಡು ಕಳಚಿ ರೆಕ್ಕೆಗೆ ಬಡಿದಿತ್ತು. ಸ್ಲೈಡಿನ ತಲೆಬರಹ ನೋಡಿದರೆ ನೆಮ್ಮದಿ ಎನಿಸುವಂತಿತ್ತು. ಕೆಳಗೆ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಪರೀಕ್ಷೆಯಲ್ಲಿ ಬಳಸಿದ ತುಂಡು 3 ಘನ ಇಂಚಿನದು, ಇದು 1,920 ಘನ ಇಂಚಿನದು ಎಂದಿತ್ತು. ಅಂದರೆ 640 ಪಟ್ಟು. 2003ರ ತನಿಖಾ ವರದಿ ಆ ಸ್ಲೈಡನ್ನು ಅಚ್ಚು ಹಾಕಿಯೇ ಟೀಕಿಸಿತು. ನನ್ನನ್ನು ಕೇಳಿದರೆ, ಮನವೊಲಿಸುವ ಲೆಕ್ಕದಲ್ಲಿ ಆ ಸ್ಲೈಡ್ ಫಸ್ಟ್ ಕ್ಲಾಸ್. ಮೇಲಿನವರಿಗೆ ಬೇಕಾದದ್ದನ್ನು ದಪ್ಪಕ್ಷರದಲ್ಲಿ ಕೊಟ್ಟಿತ್ತು. ಅವರು ಒಲಿದರು.

ಇದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಯೂ ಇಲ್ಲ. ತಾಳಮದ್ದಳೆಯ ಅರ್ಥಧಾರಿಗಳನ್ನು ಕೇಳಿ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಬರೀ ಮಾತಿನಲ್ಲಿ ರಾತ್ರಿ ಬೆಳಗು ಮಾಡುವ ಜನ ಅವರು. ಸಂಧಾನದ ಪ್ರಸಂಗದಲ್ಲಿ ಕೃಷ್ಣ ಎಷ್ಟು ಬಗೆಯಲ್ಲಿ ಹೇಳುತ್ತಾನೆ! ಸಾಮ ಆಯಿತು, ದಾನ ಆಯಿತು, ಭೇದ ಆಯಿತು. ಅರ್ಧ ರಾಜ್ಯದಿಂದ ಐದು ಹಳ್ಳಿಗೆ ಇಳಿದ. ಡಿಸ್ಕೌಂಟ್ ಅಂದರೆ ಅದು. ಕೊನೆಗೆ ವಿಶ್ವರೂಪವನ್ನೇ ತೋರಿಸಿದ. ಇದಕ್ಕಿಂತ ದೊಡ್ಡ ಕ್ಲೋಸಿಂಗ್ ಸ್ಲೈಡ್ ಯಾವ ಪ್ರೊಜೆಕ್ಟರಿನಲ್ಲಿ ಬಂದೀತು? ಆದರೂ ಕೌರವ ಸೂಜಿಮೊನೆಯಷ್ಟು ನೆಲವನ್ನೂ ಬಿಡಲಿಲ್ಲ. ಅವನ ತೀರ್ಮಾನ ಮೀಟಿಂಗಿಗೆ ಮುಂಚೆಯೇ ಆಗಿತ್ತು. ಈ ಕಾಲದ ಎಚ್‌ಆರ್ ಇದ್ದಿದ್ದರೆ ವರದಿ ಹೀಗಿರುತ್ತಿತ್ತು: "ಕೃಷ್ಣ: ವಿಷಯಜ್ಞಾನ ಚೆನ್ನಾಗಿದೆ. ಸ್ಟೇಕ್‌ಹೋಲ್ಡರ್ ಮ್ಯಾನೇಜ್‌ಮೆಂಟ್ ಸಾಲದು. ಎರಡು ದಿನದ ತರಬೇತಿಗೆ ಶಿಫಾರಸು." ದುರ್ಯೋಧನನ ಹೆಸರಿನ ಮುಂದೆ ಖಾಲಿ.

ಅಮೆಜಾನಿನ ಜೆಫ್ ಬೆಜೋಸ್ 2004ರಲ್ಲಿ ಹಿರಿಯರ ಸಭೆಗಳಿಂದ ಪವರ್‌ಪಾಯಿಂಟನ್ನು ಓಡಿಸಿದರು. ಆರು ಪುಟ ಬರೆದು ತನ್ನಿ, ಎಲ್ಲರೂ ಮೊದಲು ಮೌನವಾಗಿ ಓದೋಣ ಎನ್ನುವ ಪದ್ಧತಿ ಬಂತು. ನಮ್ಮ ಊರಿನಲ್ಲಿ ಈ ಕ್ರಾಂತಿ ನಡೆದರೆ ಆರು ಪುಟವನ್ನೂ ಒಂದೊಂದಾಗಿ ಪ್ರೊಜೆಕ್ಟರಿಗೆ ಹಾಕಿ ಗಟ್ಟಿಯಾಗಿ ಓದಿಸುತ್ತಾರೆ ಎನ್ನುವುದು ಖಚಿತ.

ಹಾಗೆಂದು ಆಸೆ ಬಿಡುವುದು ಬೇಡ. ಯಾವುದೋ ಆಫೀಸಿನಲ್ಲಿ ಯಾರೋ ಪುಣ್ಯಾತ್ಮರು ಎದ್ದು ನಿಂತು, ಸಾಹೇಬರಿಗೂ ಒಂದು ತರಬೇತಿ ಇಡಿ, ಕೇಳಿಸಿಕೊಳ್ಳುವುದನ್ನು ಕಲಿಸಿ ಎಂದರು ಅಂತಿಟ್ಟುಕೊಳ್ಳಿ. ಎಚ್‌ಆರ್ ಒಪ್ಪುತ್ತದೆ. ಹಾಲ್ ಬುಕ್ ಆಗುತ್ತದೆ, ಊಟಕ್ಕೆ ಹೋಳಿಗೆ ಕೂಡ ಹೇಳಿರುತ್ತಾರೆ. ಅವತ್ತು ಬೆಳಗ್ಗೆ ಸಾಹೇಬರಿಗೆ ಬಿಡುವಾಗುವುದಿಲ್ಲ. ಸೀಟು ಖಾಲಿ ಬಿಡುವುದು ಬೇಡವೆಂದು ಅವರ ಬದಲು ಅಕೌಂಟ್ಸ್‌ನವರನ್ನೇ ಕಳಿಸುತ್ತಾರೆ. ಇವರು ಎರಡು ದಿನವೂ ಮಾತಾಡದೆ ಕೂತು ಕೇಳುತ್ತಾರೆ. ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಐದಕ್ಕೆ ಐದು.