ಸತ್ಯಾಂಶ: ಲೇಸರ್ ಮಾಡಿಸಿದ ಕಣ್ಣಿಗೆ ಜೇನು ಬಿಡಬೇಡಿ

‘ಸ್ಮೈಲ್ ಲೇಸರ್ ನಂತರ ಕಣ್ಣಲ್ಲಿ ಉಳಿದ ಚೂರನ್ನು ಕೊಡಗಿನ ಕಾಡುಜೇನು ಕರಗಿಸುತ್ತದೆ’ ಎಂಬ ವಾಟ್ಸಾಪ್ ಸಂದೇಶ ಸುಳ್ಳು.

ಕನ್ನಡಕದ ಅಗತ್ಯ ತಪ್ಪಿಸಲು ಮಾಡುವ ಈ ಚಿಕಿತ್ಸೆಯಲ್ಲಿ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಭಾಗ) ಒಳಗಿನಿಂದ ತೆಳುವಾದ ಬಿಲ್ಲೆಯೊಂದನ್ನು 2ರಿಂದ 4 ಮಿಲಿಮೀಟರ್ ಸೀಳಿನ ಮೂಲಕ ಹೊರತೆಗೆಯುತ್ತಾರೆ. ಅಪರೂಪಕ್ಕೆ ಅದರ ಚೂರು ಒಳಗೇ ಉಳಿದು ದೃಷ್ಟಿ ಮಂಜಾಗುವುದುಂಟು, ದೀಪ ಎರಡೆರಡಾಗಿ ಕಾಣುವುದೂ ಉಂಟು. ಚೂರು ಇರುವುದು ಪದರಗಳ ನಡುವೆ. ಮೇಲೆ ಬಿಟ್ಟ ಹನಿ ಅದನ್ನು ಕರಗಿಸದು. ವೈದ್ಯರು ಸ್ಲಿಟ್ ಲ್ಯಾಂಪ್ (ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕ), ಒಸಿಟಿ ಸ್ಕ್ಯಾನ್‌ನಲ್ಲಿ (ಕಣ್ಣಿನ ಪದರಗಳ ಚಿತ್ರ ತೆಗೆಯುವ ಪರೀಕ್ಷೆ) ಜಾಗ ಗುರುತಿಸಿ, ಸಾಮಾನ್ಯವಾಗಿ ಅದೇ ಸೀಳಿನಿಂದ ತೆಗೆಯುತ್ತಾರೆ. ಅಂಚಿನಲ್ಲಿದ್ದು ತೊಂದರೆ ಕೊಡದಿದ್ದರೆ ಹಾಗೇ ಬಿಡುವುದೂ ಇದೆ.

ನಮ್ಮ ಜೇನು ತಿನ್ನಲು ಬಲು ಒಳ್ಳೆಯದು, ನಿಜ. ಆದರೆ ಅದು ಕ್ರಿಮಿಶುದ್ಧವಲ್ಲ. ಹಸಿಗಾಯದ ಕಾರ್ನಿಯಾಕ್ಕೆ ಸೋಂಕು ತಗುಲಿದರೆ ಕಲೆ ಶಾಶ್ವತವಾಗಬಹುದು. ನೋವು, ಕೆಂಪು ಹೆಚ್ಚಿದರೆ, ದೃಷ್ಟಿ ಇಳಿದರೆ, ಮಳೆ ನಿಲ್ಲಲೆಂದು ಕಾಯದೆ ಅಂದೇ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ತೋರಿಸಿ. ಅವರು ದೂರದ ಮೈಸೂರಿನಲ್ಲಿದ್ದರೆ ಮೊದಲು ಹತ್ತಿರದ ಕಣ್ಣಿನ ವೈದ್ಯರಿಗೆ.